ಕಿರುಬೆರಳಗಲದ ಖಾಲಿ ಜಾಗ

ಕೊನಾಮಾ ಅಮ್ಮ ತೀರಿಕೊಂಡ ಎಂಟನೆಯ ದಿನ ಅವರ ತಾಯಿಮನೆಯ ಅಂಗಳದಲ್ಲಿ ಎಲ್ಲರೂ ಶೋಕದ ಕೆಂಪು ಕಪ್ಪು ಬಟ್ಟೆ ಉಟ್ಟು, ಬಾಡಿಗೆಗೆ ತಂದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಹೂಳುವ ದಿನವನ್ನು ಅಂದೇ ಗೊತ್ತುಮಾಡಿದರು. ಇನ್ನು ಮೂರನೆಯ ಶನಿವಾರ. ಅಲ್ಲಿಯವರೆಗೆ ದೇಹ ಆಸ್ಪತ್ರೆಯ ಶೈತ್ಯಾಗಾರದಲ್ಲಿ ಇರಬೇಕು. ಕುಟುಂಬದ ಹಿರಿಯ ಡಾಂಕ್ವಾ ಕೋಲೂರಿಕೊಂಡು ಕೂತಲ್ಲಿಂದಲೇ ಕೇಳಿದರು:

"ಅಳಿಯ ಬೊಸಿಯಾಕೊ, ನಮ್ಮ ಹುಡುಗಿಗೆ ಏನೇನು ಕೊಟ್ಟು ಕಳಿಸ್ತೀಯಪ್ಪಾ?"

ಹೆಂಡತಿ ಹೋದಾಗ ಗಂಡ ಕೊಡಬೇಕಾದ್ದು ಇದೆ. ಮೈ ತೊಳೆಯಲು ಸೋಪು, ನಾರು, ಟವೆಲು, ಆಮೇಲೆ ಸೆಂಟು, ದಿಂಬು, ಉಂಗುರ, ಬಟ್ಟೆ. ಎಲ್ಲ ಅವಳ ಜೊತೆ ಪೆಟ್ಟಿಗೆಯಲ್ಲಿ ಹೋಗುತ್ತದೆ. ಅದರಲ್ಲಿ ಬಟ್ಟೆಯೇ ದೊಡ್ಡದು. ಗಂಡ ಎಂಥವನು ಅನ್ನುವುದನ್ನು ಜನ ಬಟ್ಟೆಯಲ್ಲಿ ನೋಡುತ್ತಾರೆ.

ಮಾಸ್ಟರ್ ಬೊಸಿಯಾಕೊ ಎದ್ದು ನಿಂತರು. ಸೋಪಿನಿಂದ ಉಂಗುರದವರೆಗೆ ಒಂದೊಂದಾಗಿ ಹೇಳಿದರು. ಬಟ್ಟೆಗೆ ಬಂದಾಗ ಸ್ವಲ್ಪ ತಡೆದರು.

"ಬಟ್ಟೆ ಅಂಗಡೀದಲ್ಲ. ಐವತ್ತು ತುಂಬಿದ ದಿನ ಚರ್ಚಿಗೆ ಉಟ್ಕೊಂಡು ಹೋಗ್ಬೇಕು ಅಂತ ಅವಳೇ ಕಸೂತಿ ಹಾಕ್ತಾ ಇದ್ದ ಬಿಳೀ ಬಟ್ಟೆ. ಮಿಷನ್ ಮೇಲೇ ಇದೆ. ಹನ್ನೊಂದು ಹೂ ಆಗಿದೆ, ಹದಿಮೂರು ಬಾಕಿ. ಅದನ್ನ ಮುಗಿಸಿ ತರ್ತೀನಿ."

ಅಂಗಳದಲ್ಲಿ ಒಳ್ಳೆಯ ಮಾತೆಂಬ ಗುಜುಗುಜು ಎದ್ದಿತು. ಕೊನಾಮಾ ಅಮ್ಮನ ತಂಗಿ ಬಿರಾಗೊ ಮಾತ್ರ ತಲೆ ಎತ್ತಿ ಎಲ್ಲರಿಗೂ ಕೇಳುವಂತೆಯೇ ಅಂದಳು:

"ಎರಡು ತಿಂಗಳು ಹೇಳಿದ್ಲು ಭಾವ, ಆ ಮಿಷನ್ ಮೋಟರ್ ಒಂಚೂರು ನೋಡಿ ಅಂತ. ಆಗ ಪುರುಸೊತ್ತು ಇರ್ಲಿಲ್ಲ. ಈಗ ಸಿಕ್ತಾ?"

ಮಾಸ್ಟರ್ ಕೂತರು. ಅವರ ಪಕ್ಕದಲ್ಲೇ ನಾನು ಕೂತಿದ್ದೆ. ಎಜುರಾ ಕಡೆಯ ಹಳ್ಳಿಯಿಂದ ಪಾಲಿಟೆಕ್ನಿಕ್ ಓದಲು ಬಂದವನಿಗೆ ಅವರ ಮನೆಯಲ್ಲಿ ಒಂದು ಕೋಣೆ ಸಿಕ್ಕಿತ್ತು, ಊಟವೂ ಸಿಕ್ಕಿತ್ತು. ಕೊನಾಮಾ ಅಮ್ಮ ಬಡಿಸಿದ ಫುಫು ಮುದ್ದೆ ನಾಲ್ಕು ವರ್ಷ ಉಂಡವನು ನಾನು. ಬಿರಾಗೊ ಹೇಳಿದ್ದು ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು.

ಮಾಸ್ಟರ್ ಕೋಕೋ ತೋಟಗಳ ಊರಿನವರು. ಹದಿನೈದನೆಯ ವಯಸ್ಸಿಗೆ ಒಂದು ಚಾಪೆ ಸುತ್ತಿಕೊಂಡು ಕುಮಾಸಿ ಪಟ್ಟಣಕ್ಕೆ ಬಂದು, ಸುವಾಮೆ ಮ್ಯಾಗಜಿನ್‌ನ ಗ್ಯಾರೇಜು ಸಾಲುಗಳಲ್ಲಿ ಮೋಟರ್ ವೈಂಡಿಂಗ್, ಅಂದರೆ ಮೋಟರಿಗೆ ತಾಮ್ರದ ತಂತಿ ಸುತ್ತುವ ಕೆಲಸ ಮಾಡುವವರೊಬ್ಬರ ಕೈಕೆಳಗೆ ನಾಲ್ಕು ವರ್ಷ ಕೆಲಸ ಕಲಿತರು. ಕಲಿಕೆ ಮುಗಿಯಿತೆಂದು ಗುರು ಬಿಡುಗಡೆ ಕೊಟ್ಟ ದಿನ ವಾಡಿಕೆಯಂತೆ ತಲೆಯ ಮೇಲೆ ಪೌಡರ್ ಸುರಿದರಂತೆ. ಎರಡು ದಿನ ಅದನ್ನು ಒರೆಸಿಕೊಳ್ಳದೆ ಓಡಾಡಿದರಂತೆ. ಅದಾಗಿ ಮೂವತ್ತೊಂದು ವರ್ಷ. ಕೆಂಕೆ ಕಡುಬು ಮಾಡುವ ಹೆಂಗಸರ ಜೋಳದ ಗಿರಣಿಗಳು, ಬೋರ್‌ವೆಲ್ ಪಂಪುಗಳು, ಫ್ಯಾನುಗಳು, ಏನೇ ಸುಟ್ಟರೂ ಅವರ ಬೆಂಚಿಗೆ ಬರುತ್ತಿತ್ತು. ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದರು. ಹೇಳಿದ್ದು ತಪ್ಪುತ್ತಿರಲಿಲ್ಲ.

ಕೊನಾಮಾ ಅಮ್ಮ ಅವರಿಗೆ ಸಿಕ್ಕಿದ್ದೂ ಅದೇ ಬೆಂಚಿನ ಮುಂದೆ. ಹೊಲಿಗೆ ಕಲಿಯುತ್ತಿದ್ದ ಹುಡುಗಿ, ಕಲಿಸುವಾಕೆಯ ಮಿಷನ್ನಿನ ಮೋಟರನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದರಂತೆ. ಮಾಸ್ಟರ್ ಅದನ್ನು ಮೂಸಿ, "ಸುಟ್ಟಿರೋದು ಮೋಟರ್ರೋ ನಿಮ್ಮ ಮೇಡಮ್ಮೋ?" ಎಂದರಂತೆ. "ಮೇಡಮ್ ಸುಟ್ಟಿದ್ರೆ ಇಲ್ಲಿಗ್ಯಾಕೆ ತರ್ತಿದ್ದೆ, ನಿಮ್ಮ ಕೈಲಿ ಅದು ರಿಪೇರಿ ಆಗುತ್ತಾ?" ಎಂದು ಅವರು ತಿರುಗಿ ಕೇಳಿದರಂತೆ. ಈ ಕಥೆಯನ್ನು ಇಬ್ಬರೂ ಬೇರೆ ಬೇರೆ ಹೇಳುತ್ತಿದ್ದರು. ಇಬ್ಬರೂ ಅದೇ ಜಾಗದಲ್ಲಿ ನಗುತ್ತಿದ್ದರು.

ಆರು ವರ್ಷದ ಹಿಂದೆ ಕೊನಾಮಾ ಅಮ್ಮ ಕಂಪ್ಯೂಟರ್ ಕಸೂತಿ ಮಿಷನ್ ತಂದು, ಅಂಗಡಿ ಸಾಲಿನ ತುದಿಯ ನೀಲಿ ಗೂಡಂಗಡಿಯಲ್ಲಿ ಇಟ್ಟರು. ಸಾವಿನ ಬಟ್ಟೆಗಳಿಗೆ ಕಸೂತಿ ಹಾಕಿಸಲು ದೂರದಿಂದ ಜನ ಬರುತ್ತಿದ್ದರು. ತಮಗಾಗಿ ಹಾಕಿಕೊಳ್ಳಲು ಹೊರಟಿದ್ದು ಇದೊಂದೇ ಬಟ್ಟೆ. ಗೂಡಂಗಡಿಯ ಹಿಂದೆ ತಾವೇ ಹಾಕಿದ್ದ ಬದನೆ ಗಿಡದಿಂದ ಒಂದು ಹೂ ಕಿತ್ತು, ಹಾಳೆಯ ಮೇಲೆ ಬರೆದು, ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಅದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದಿದ್ದರು. ನೇರಳೆ ಎಸಳು, ನಡುವೆ ಹಳದಿ.

ಮಿಷನ್ ತೊಂದರೆ ಕೊಡಲು ಶುರುಮಾಡಿದ್ದು ಆ ಬಟ್ಟೆಗಿಂತ ಮುಂಚೆಯೇ. ನಾಲ್ಕೈದು ಹೂ ಸರಿಯಾಗಿ ಹಾಕುತ್ತಿತ್ತು. ಆಮೇಲೆ ಸೂಜಿ ಬಟ್ಟೆಯೊಳಗೆ ಇರುವಾಗಲೇ ಬಟ್ಟೆ ಬಿಗಿದ ಚೌಕಟ್ಟು ಸರಿಯುತ್ತಿತ್ತು. ಸೂಜಿ ಬಾಗುತ್ತಿತ್ತು. ಅಮ್ಮ ನಿಲ್ಲಿಸಿ, ಪಕ್ಕದ ಚಕ್ರವನ್ನು ಕೈಯಲ್ಲಿ ತಿರುಗಿಸಿ, ಎಲ್ಲ ಮೊದಲಿಂದ ಹೊಂದಿಸಿ ಮತ್ತೆ ಓಡಿಸುತ್ತಿದ್ದರು. "ನಿಮ್ಮ ಮೋಟರ್ ತಲೆ ಅಲ್ಲಾಡಿಸ್ತಿದೆ ರೀ," ಎಂದು ಊಟದ ಹೊತ್ತಿಗೆ ಹೇಳುತ್ತಿದ್ದರು. "ನಾಳೆ ನೋಡ್ತೀನಿ ಕಣೆ, ಗಿರಣಿಯವಳು ಬಾಗಿಲಲ್ಲೇ ಕೂತಿದ್ದಾಳೆ," ಎಂದು ಮಾಸ್ಟರ್ ಹೇಳುತ್ತಿದ್ದರು. ಹೊರಗಿನವರ ಮೋಟರಿಗೆ ಮೊದಲ ಸರದಿ, ಮನೆಯದಕ್ಕೆ ಕೊನೆಯದು. ಅವರು ಹಾಗೇ ನಡೆದುಕೊಂಡು ಬಂದವರು. ಹೀಗಿರುವಾಗ ಒಂದು ಮಂಗಳವಾರ ಬೆಳಿಗ್ಗೆ ಕೊನಾಮಾ ಅಮ್ಮ ನೀರು ತರಲು ಎದ್ದವರು ಅಂಗಳದಲ್ಲಿ ಕುಸಿದರು. ರಕ್ತದೊತ್ತಡ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಸಂಜೆಗೆ ಹೋಗಿಬಿಟ್ಟರು.

ಅಂಗಳದಲ್ಲಿ ಮಾತು ಕೊಟ್ಟ ಮರುದಿನವೇ ಮಾಸ್ಟರ್ ಮಿಷನ್ನಿನ ಮೋಟರ್ ಬಿಚ್ಚಿ ಬೆಂಚಿನ ಮೇಲಿಟ್ಟರು. ಕಿವಿಗೊಟ್ಟು ಕೇಳಿ, "ಬೇರಿಂಗೇ," ಎಂದರು. ಹಿಂಬದಿಯ ಮುಚ್ಚಳ ತೆಗೆದಾಗ ಮಗುವಿನ ಬಳೆಯಷ್ಟು ದೊಡ್ಡದಾದ ಕಪ್ಪು ಉಂಗುರವೊಂದು ಮೋಟರಿನ ತಿರುಗುವ ದಂಡದ ತುದಿಯಲ್ಲಿ ಕಾಣಿಸಿತು. ಎದುರಿಗೆ ಜೋಳದ ಕಾಳಿನಷ್ಟು ಚಿಕ್ಕ ಎಲೆಕ್ಟ್ರಾನಿಕ್ ಚಿಪ್ಪು. ಉಂಗುರವನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು, ಕೈಗೇ ಬಂತು. "ಸಲೀಸಾಗಿ ಬಂತಲ್ಲ," ಎಂದು ಅದನ್ನು ಸ್ಕ್ರೂಗಳ ಜೊತೆ ತಮ್ಮ ತಟ್ಟೆಯಲ್ಲಿ ಇಟ್ಟರು.

ಆ ತಟ್ಟೆಯ ಬಗ್ಗೆ ಹೇಳಬೇಕು. ಗುಜರಿಗೆ ಬಂದ ಕಂಪ್ಯೂಟರುಗಳ ಹಾರ್ಡ್ ಡಿಸ್ಕ್ ಒಡೆದರೆ ಬೆರಳನ್ನೇ ಜಜ್ಜಿಹಾಕುವಂಥ ಮ್ಯಾಗ್ನೆಟ್ ಸಿಗುತ್ತದೆ. ಮಾಸ್ಟರ್ ಅಂಥ ನಾಲ್ಕನ್ನು ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಕೆಳಗೆ ಅಂಟಿಸಿದ್ದರು. ಅದರ ಮೇಲಿಟ್ಟ ಸ್ಕ್ರೂ ಬೆಂಚು ಒದ್ದರೂ ಬೀಳುತ್ತಿರಲಿಲ್ಲ. ಸಾಲಿನಲ್ಲಿ ಎಲ್ಲರೂ ಅವರನ್ನು ನೋಡಿ ಅದೇ ರೀತಿಯ ತಟ್ಟೆ ಮಾಡಿಕೊಂಡಿದ್ದರು. ಉಂಗುರ ಒಂದು ಹಗಲು ಪೂರ್ತಿ ಅದರ ಮೇಲೆ ಇತ್ತು.

ಹೊಸ ಬೇರಿಂಗ್ ಹಾಕಿ, ಸ್ಕ್ರೂ ಬಿಗಿದು, ಚಿಂದಿ ಬಟ್ಟೆಯ ಮೇಲೆ ಒಂದು ಹೂ ಓಡಿಸಿದರು. ಮೋಟರ್ ತಿರುಗಿತು. ಆದರೆ ಪ್ರತಿ ಸುತ್ತಿಗೂ ಒಮ್ಮೆ ಮುಗ್ಗರಿಸಿದಂತೆ ಎಳೆಯಿತು. ಎಸಳುಗಳು ಒಂದರ ಮೇಲೊಂದು ಬಿದ್ದವು. ಮೂರನೆಯ ಎಸಳಿಗೆ ಸೂಜಿ ಮುರಿದು ಚಿಂದಿ ಹರಿಯಿತು.

ಪಕ್ಕದ ಲೇತ್ ಅಂಗಡಿಯ ಇದ್ರಿಸು ಬಂದು ನೋಡಿದ.

"ಏನ್ ಮಾಸ್ಟರ್, ತಾಮ್ರದ ದೊರೆಗಳೇ ಸೋತ್ರಾ?"

"ವೈಂಡಿಂಗ್ ಸರಿ ಇದೆ, ಬೇರಿಂಗ್ ಹೊಸದು. ಇನ್ನೇನು ಬೇಕಂತೆ ಇದಕ್ಕೆ?"

"ಪಾಲಿಟೆಕ್ನಿಕ್ ಇದಾನಲ್ಲ! ಏ ಪಾಲಿಟೆಕ್ನಿಕ್ಕು, ನಿನ್ನ ಸರ್ಟಿಫಿಕೇಟ್ ತಂದು ಮೋಟರಿಗೆ ತೋರ್ಸೋ. ಹೆದ್ರಿ ಓಡ್ಬಹುದು."

ನಾನು ನಗಲಿಲ್ಲ. ಉಂಗುರದ ಹೆಸರು ಎನ್‌ಕೋಡರ್ ಎಂದು ನನಗೆ ಗೊತ್ತಿತ್ತು. ಪರೀಕ್ಷೆಗೆ ಅದು ಅರ್ಧ ಪುಟದ ಉತ್ತರ. ನಾನು ಬಾಯಿಪಾಠ ಮಾಡಿ ಬರೆದಿದ್ದೆ, ಹತ್ತಕ್ಕೆ ಎಂಟು ಬಂದಿತ್ತು. ಕೈಯಲ್ಲಿ ಹಿಡಿದಿದ್ದು ಅದೇ ಮೊದಲು.

"ಮಾಸ್ಟರ್, ಇದು ಮೋಟರನ್ನ ತಿರುಗಿಸೋದಲ್ಲ. ಎಷ್ಟು ತಿರುಗಿತು ಅಂತ ಹೇಳೋದು."

"ಯಾರಿಗೆ ಹೇಳೋದು? ವೈರೇ ತಾಗಿಲ್ಲ ಅದಕ್ಕೆ."

"ಎದುರಿಗಿರೋ ಚಿಪ್ಪಿಗೆ. ಉಂಗುರದ ಅಂಚಲ್ಲಿ ಸಣ್ಣ ಸಣ್ಣ ಮ್ಯಾಗ್ನೆಟ್ ಸಾಲಾಗಿದೆ. ಉತ್ತರ, ದಕ್ಷಿಣ, ಉತ್ತರ, ದಕ್ಷಿಣ. ಒಂದೊಂದು ಜೊತೆ ಮುಂದೆ ಹೋದಾಗ ಚಿಪ್ಪು ಒಂದು ಎಣಿಸುತ್ತೆ."

ಮಾಸ್ಟರ್ ಉಂಗುರವನ್ನು ಬೆಳಕಿಗೆ ಹಿಡಿದರು. ನುಣ್ಣಗಿತ್ತು, ಏನೂ ಕಾಣಲಿಲ್ಲ. ಅಂಚನ್ನು ಉಗುರಿನಿಂದ ಸವರಿದರು.

"ಮುಟ್ಟದೇ ಎಣಿಸುತ್ತೆ ಅನ್ನು. ನನ್ನ ಕಣ್ಣಿಗೆ ಒಂದೂ ಕಾಣ್ದು. ನಾನು ಇದನ್ನ ನಂಬಲಿ ಹೇಗೆ?"

ಪುಸ್ತಕದಲ್ಲಿ ಇಷ್ಟೇ ಇತ್ತು. ಮುಂದಿನದನ್ನು ಅವರೇ ಮಾಡಿದರು. ಚಿಪ್ಪಿನ ವೈರಿಗೆ ಒಂದು ಸಣ್ಣ ಕೆಂಪು ದೀಪ ಕಟ್ಟಿ, ದಂಡವನ್ನು ಬೆರಳಲ್ಲಿ ಇರುವೆ ನಡೆದಷ್ಟು ಮೆಲ್ಲಗೆ ತಿರುಗಿಸಿದರು. ದೀಪ ಹತ್ತಿತು, ಆರಿತು, ಹತ್ತಿತು, ಆರಿತು. ಹತ್ತಿದ್ದನ್ನು ನಾನು ಗಟ್ಟಿಯಾಗಿ ಎಣಿಸಿದೆ, ಅವರು ಮನಸ್ಸಿನಲ್ಲಿ ಎಣಿಸಿದರು. ಒಂದು ಕಡೆ ಬಂದಾಗ ದೀಪ ಆರಿದ್ದು ಆರಿಯೇ ಇತ್ತು. ದಂಡ ತಿರುಗುತ್ತಲೇ ಇತ್ತು. ಆಮೇಲೆ ಮತ್ತೆ ಹತ್ತಿತು. ಸುತ್ತು ಮುಗಿದಾಗ ಐವತ್ತೊಂಬತ್ತು. ಮತ್ತೊಮ್ಮೆ ಎಣಿಸಿದಾಗಲೂ ಐವತ್ತೊಂಬತ್ತು. ಮೋಟರಿನ ಚೀಟಿಯ ಮೇಲೆ ಅರವತ್ತನಾಲ್ಕು ಎಂದು ಅಚ್ಚಾಗಿತ್ತು.

"ಐದು ಕಾಣೆ," ಎಂದರು ಮಾಸ್ಟರ್. "ಕುರುಡನ ಕೈಗೆ ಮಣಿಸರ ಕೊಟ್ಟು ಐದು ಮಣಿ ಕಿತ್ಕೊಂಡ ಹಾಗಾಯ್ತು. ಪಾಪ ಅವನು ಎಣಿಸ್ತಾನೇ ಇದಾನೆ."

ಅವರಿಗೆ ಅದನ್ನು ಕಣ್ಣಾರೆ ನೋಡಬೇಕಿತ್ತು. ಇದ್ರಿಸುವಿನ ಅರೆಯುವ ಕಲ್ಲಿನ ಕೆಳಗಿಂದ ಕಬ್ಬಿಣದ ಪುಡಿ ತರಿಸಿ, ಬಟ್ಟೆಯಲ್ಲಿ ಸೋಸಿದರು. ಉಂಗುರದ ಅಂಚಿಗೆ ತೆಳು ಕಾಗದ ಸುತ್ತಿ ಅದರ ಮೇಲೆ ಪುಡಿ ಉದುರಿಸಿ, ಮೆಲ್ಲಗೆ ಊದಿದರು. ಪುಡಿ ಸಾಲಾಗಿ ನಿಂತಿತು. ಬಾಚಣಿಗೆಯ ಹಲ್ಲಿನಂತೆ ಗೆರೆ, ಗೆರೆ, ಗೆರೆ. ಮೂವರೂ ಬಗ್ಗಿ ನೋಡಿದೆವು. ಉಂಗುರವನ್ನು ತಿರುಗಿಸಿದಾಗ ಒಂದು ಕಡೆ ಕಿರುಬೆರಳಗಲದಷ್ಟು ಜಾಗದಲ್ಲಿ ಗೆರೆಯೇ ಇರಲಿಲ್ಲ. ಅಲ್ಲಿ ಪುಡಿ ಒಂದೇ ಮುದ್ದೆಯಾಗಿ ಕೂತಿತ್ತು.

"ಇಲ್ಲಿ ಯಾರೋ ಅಳಿಸಿದಾರೆ," ಎಂದ ಇದ್ರಿಸು. "ಇದಕ್ಕಿಂತ ಜೋರಾದ ಮ್ಯಾಗ್ನೆಟ್ ತಾಗಿದ್ರೆ ಹೀಗಾಗುತ್ತೆ, ಅಲ್ವೇನೋ?"

ಮಾಸ್ಟರ್ ತಟ್ಟೆಯ ಕಡೆ ನೋಡಿದರು. ಉಂಗುರವನ್ನು ಅದರ ಮೇಲೆ ಮತ್ತೆ ಇಡದೆ, ಮೇಲಿನಿಂದಲೇ ಹಿಡಿದು, ಅಂದು ಹೇಗೆ ಇಟ್ಟಿದ್ದರೋ ಹಾಗೆ ತಿರುಗಿಸಿದರು. ಖಾಲಿ ಜಾಗ ಮೂಲೆಯ ಮ್ಯಾಗ್ನೆಟ್ಟಿಗೆ ಸರಿಯಾಗಿ ಬಂತು.

ಅವರು ಮರದ ಮಣೆಯ ಮೇಲೆ ಕೂತರು. ಕೂತವರು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಹೊಸ ಉಂಗುರಕ್ಕಾಗಿ ಕೇಳದ ಕಡೆ ಇಲ್ಲ. ಚೀನಾದಿಂದ ತರಿಸಬೇಕು, ನಾಲ್ಕು ವಾರ ಎಂದರು. ಹೂಳುವ ದಿನಕ್ಕೆ ಉಳಿದಿದ್ದು ಹನ್ನೆರಡು ದಿನ. ಬೇರೆ ಮಿಷನ್ನಿನಲ್ಲಿ ಮುಗಿಸಿಬಿಡಿ ಎಂದು ಇದ್ರಿಸು ಹೇಳಿದ. ಆದರೆ ಬಟ್ಟೆಯನ್ನು ಚೌಕಟ್ಟಿನಿಂದ ಬಿಚ್ಚಿದರೆ ಸಾಲು ತಪ್ಪುತ್ತದೆ. ಅಲ್ಲದೆ, "ಅವಳು ಇದರಲ್ಲಿ ಶುರು ಮಾಡಿದ್ದು," ಎಂದಷ್ಟೇ ಮಾಸ್ಟರ್ ಹೇಳಿದರು.

ಮೂರು ದಿನ ಅವರು ಅಂಗಡಿಯಲ್ಲಿ ಬೇರೆ ಯಾರ ಮೋಟರನ್ನೂ ಮುಟ್ಟಲಿಲ್ಲ. ಗಿರಣಿಯವರು ಬಂದು ವಾಪಸು ಹೋದರು. ಮಾಸ್ಟರ್ ನೀಲಿ ಗೂಡಂಗಡಿಯಲ್ಲಿ ಮಿಷನ್ನಿನ ಎದುರು ಕೂತು ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ, ಸೂಜಿ ಯಾವಾಗ ಇಳಿಯುತ್ತದೆ, ಚೌಕಟ್ಟು ಯಾವಾಗ ಸರಿಯುತ್ತದೆ ಎಂದು ನೋಡುತ್ತಿದ್ದರು. ನಾಲ್ಕನೆಯ ದಿನ ನನ್ನನ್ನು ಕರೆದರು.

"ನೋಡಿಲ್ಲಿ. ಸೂಜಿ ಪೂರ್ತಿ ಮೇಲೆ ಬಂದಾಗ ಈ ಕಬ್ಬಿಣದ ನಾಲಿಗೆ ಇನ್ನೊಂದು ಸೆನ್ಸರ್ ಮುಂದೆ ಹಾದು ಹೋಗುತ್ತೆ. ಸುತ್ತಿಗೆ ಒಂದೇ ಸಲ. ಅದು ಏನು ಹೇಳುತ್ತೆ ಗೊತ್ತಾ?"

"ಒಂದು ಸುತ್ತು ಆಯ್ತು ಅಂತ."

"ಹ್ಞಾಂ. ಹಳೇದು ಮರೆತುಬಿಡು, ಮೊದಲಿಂದ ಎಣಿಸು ಅಂತ. ಹಾಗಾದ್ರೆ ನನ್ನ ಖಾಲಿ ಜಾಗನ ಆ ನಾಲಿಗೆಗೆ ಸ್ವಲ್ಪ ಮುಂಚೆ ಬರೋ ಹಾಗೆ ಕೂರಿಸಿದ್ರೆ? ತಪ್ಪು ಆಗುತ್ತೆ. ಆದ್ರೆ ಆದ ತಕ್ಷಣ ಎಣಿಕೆ ಮೊದಲಿಂದ ಶುರು ಆಗುತ್ತೆ. ಸೂಜಿ ಬಟ್ಟೆಯಿಂದ ಹೊರಗೇ ಇರುತ್ತೆ."

ನಾಲ್ಕು ವರ್ಷ ಓದಿದ ನನಗೆ ಅದು ಹೊಳೆದಿರಲಿಲ್ಲ. ಖುಷಿಯಿಂದ ಚಪ್ಪಾಳೆ ತಟ್ಟಿದೆ. ಮಾಸ್ಟರ್ ಕೂಡ ಎಷ್ಟೋ ದಿನದ ಮೇಲೆ ಸ್ವಲ್ಪ ನಕ್ಕರು. ಉಂಗುರ ತಿರುಗಿಸಬೇಕೆಂದರೆ ಅದರ ಬುಡದಲ್ಲಿದ್ದ ಪುಟ್ಟ ಸ್ಕ್ರೂ ಸಡಿಲ ಮಾಡಬೇಕು. ಸಣ್ಣ ಕೀಲಿ ಹಾಕಿ ತಿರುಗಿಸಿದರು, ಸ್ಕ್ರೂ ಕಿರ್ರೆಂದು ಬಿಟ್ಟಿತು. ಅಲ್ಲೇ ಅವರ ಕೈ ನಿಂತಿತು.

"ಅವತ್ತು ನಾನು ಈ ಸ್ಕ್ರೂ ಬಿಚ್ಚಿದ್ನಾ?"

ನಾನು ಜ್ಞಾಪಿಸಿಕೊಂಡೆ. ಟಾರ್ಚ್ ಹಿಡಿದಿದ್ದವನು ನಾನೇ.

"ಇಲ್ಲ ಮಾಸ್ಟರ್. ಕೈಗೇ ಬಂತು ಅಂದ್ರಿ."

ಅವರು ಹಳೆಯ ಬೇರಿಂಗನ್ನು ತರಿಸಿದರು. ಕಸದ ಡಬ್ಬಿಯಲ್ಲಿ ಇನ್ನೂ ಇತ್ತು. ಒರೆಸಿ, ಬೆರಳಿಗೆ ಹಾಕಿ ತಿರುಗಿಸಿದರು. ಕಿವಿಯ ಹತ್ತಿರ ಹಿಡಿದು ಮತ್ತೆ ತಿರುಗಿಸಿದರು. ಅದರಲ್ಲಿ ಏನೂ ದೋಷ ಇರಲಿಲ್ಲ.

"ಉಂಗುರ ದಂಡದ ಮೇಲೆ ಜಾರ್ತಾ ಇತ್ತು," ಎಂದರು. "ಅಷ್ಟೇ. ನಾಲ್ಕು ಹೂವಿಗೆ ಒಂಚೂರು. ಅದಕ್ಕೇ ಅವಳು ಚಕ್ರ ತಿರುಗಿಸಿ ತಿರುಗಿಸಿ ಸರಿ ಮಾಡ್ಕೋತಾ ಇದ್ಲು. ಒಂದು ಸ್ಕ್ರೂ ಬಿಗಿ ಮಾಡಿದ್ರೆ ಆಗ್ತಿತ್ತು. ಹತ್ತು ನಿಮಿಷ." ತಾವೇ ತಿದ್ದಿಕೊಂಡರು. "ಹತ್ತು ನಿಮಿಷಾನೂ ಬೇಡ."

ನಾನು ಹಳೆಯ ಬೇರಿಂಗನ್ನು ಅವರ ಕೈಯಿಂದ ತೆಗೆದುಕೊಂಡೆ.

ಅದಾದ ಮೇಲೆ ಕೆಲಸ ನಡೆಯಿತು. ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸುವುದು, ಬಿಗಿಯುವುದು, ಚಿಂದಿಯ ಮೇಲೆ ಒಂದು ಹೂ ಹಾಕಿ ನೋಡುವುದು, ಮತ್ತೆ ಸಡಿಲ ಮಾಡುವುದು. ಹತ್ತೊಂಬತ್ತು ಚಿಂದಿ ಹೂಗಳು ಒಂದೆರಡು ಎಸಳಿಗೇ ಹಾಳಾದವು. ಇಪ್ಪತ್ತನೆಯದು ಹೂವಿನಂತೆ ಕಂಡಿತು. ಮೋಟರನ್ನು ಅತಿ ಮೆಲ್ಲಗೆ ಓಡಿಸಿದರೆ ಮಾತ್ರ. ಸ್ವಲ್ಪ ವೇಗ ಕೊಟ್ಟರೂ ಮುಗ್ಗರಿಸುತ್ತಿತ್ತು. ಮೆಲ್ಲಗೆ ಓಡಿಸಿದಾಗಲೂ ಅಲ್ಲೊಂದು ಇಲ್ಲೊಂದು ಹೊಲಿಗೆ ಉದ್ದವಾಗಿ ಬೀಳುತ್ತಿತ್ತು. ಅದನ್ನು ತಪ್ಪಿಸಲು ಆಗಲೇ ಇಲ್ಲ.

ಆಮೇಲೆ ಬಿಳಿ ಬಟ್ಟೆಯ ಮೇಲೆ ಶುರುಮಾಡಿದರು. ಕೊನಾಮಾ ಅಮ್ಮ ಮುಕ್ಕಾಲು ಗಂಟೆಯಲ್ಲಿ ಹಾಕುತ್ತಿದ್ದ ಹೂವಿಗೆ ಈಗ ಅರ್ಧ ಹಗಲು ಬೇಕಾಗುತ್ತಿತ್ತು. ಮಾಸ್ಟರ್ ಚಕ್ರದ ಮೇಲೆ ಅಂಗೈ ಇಟ್ಟುಕೊಂಡೇ ಕೂತಿರುತ್ತಿದ್ದರು. ಮುಗ್ಗರಿಸುವ ಜಾಗ ಬಂದಾಗ ಅಂಗೈಯಿಂದ ಚೂರು ತಳ್ಳಿ ದಾಟಿಸುತ್ತಿದ್ದರು. ಕರೆಂಟು ಹೋದರೆ ಎದ್ದು ಹಿಂದಿನ ಬದನೆ ಗಿಡಕ್ಕೆ ನೀರು ಹಾಕಿ ಬಂದು ಮತ್ತೆ ಕೂರುತ್ತಿದ್ದರು. ಹದಿಮೂರನೆಯ ಹೂ ಮುಗಿದಾಗ ಗುರುವಾರ ಮಧ್ಯಾಹ್ನ. ದಾರ ಕತ್ತರಿಸಿ, ಚೌಕಟ್ಟು ಬಿಚ್ಚಿ, ಬಟ್ಟೆ ಮಡಚಿದರು. ಮಡಚುವುದು ಅವರಿಗೆ ಬರಲಿಲ್ಲ, ಎರಡು ಸಲ ಬಿಚ್ಚಿ ಮತ್ತೆ ಮಡಚಿದರು.

ಶುಕ್ರವಾರ ನಾವು ಎಲ್ಲವನ್ನೂ ತಟ್ಟೆಗಳಲ್ಲಿ ಇಟ್ಟು, ತಲೆಯ ಮೇಲೆ ಹೊತ್ತು ಕೊನಾಮಾ ಅಮ್ಮನ ತಾಯಿಮನೆಗೆ ಹೋದೆವು. ನಮ್ಮ ಕಡೆಯ ಹಿರಿಯರು ಒಂದೊಂದು ವಸ್ತುವಿನ ಹೆಸರು ಹೇಳಿ ಒಪ್ಪಿಸಿದರು. ಡಾಂಕ್ವಾ ತಲೆಯಾಡಿಸಿ ಸ್ವೀಕರಿಸಿದರು. ಆಮೇಲೆ ಎಲ್ಲವನ್ನೂ ಬಿರಾಗೊಳ ಕೈಗೆ ಕೊಟ್ಟರು. ಮೈ ತೊಳೆದು ಉಡಿಸುವ ಹೆಂಗಸರಲ್ಲಿ ಅವಳೇ ಮುಂದಾಳು.

ಬಿರಾಗೊ ಬಾಗಿಲ ಬಳಿ ನಿಂತು ಬಟ್ಟೆ ಬಿಚ್ಚಿದಳು. ಹೂಗಳ ಮೇಲೆ ಹೆಬ್ಬೆರಳು ಆಡಿಸುತ್ತಾ ಸಾಲು ಹಿಡಿದು ಹೋದಳು. ಹನ್ನೆರಡನೆಯದಕ್ಕೆ ಬೆರಳು ನಿಂತಿತು.

"ಇಲ್ಲಿಂದ ನಿಮ್ದು."

"ಹೌದು," ಎಂದರು ಮಾಸ್ಟರ್. "ಚೆನ್ನಾಗಿ ಬಂದಿಲ್ಲ."

"ಚೆನ್ನಾಗಿ ಬಂದಿಲ್ಲ," ಎಂದು ಅವಳೂ ಒಪ್ಪಿದಳು. ಆದರೆ ದನಿಯಲ್ಲಿ ಅಂದಿನ ಬಿರುಸು ಇರಲಿಲ್ಲ. "ಏನಾಗಿತ್ತು ಅದಕ್ಕೆ?"

ಮಾಸ್ಟರ್ ಸುಳ್ಳು ಹೇಳಬಹುದಿತ್ತು. ಮೋಟರಿನ ಮಾತು ಅಲ್ಲಿ ಯಾರಿಗೆ ಗೊತ್ತಾಗುತ್ತಿತ್ತು?

"ಒಂದು ಸ್ಕ್ರೂ ಸಡಿಲ ಆಗಿತ್ತು, ಬಿರಾಗೊ. ಅಷ್ಟೇ ಇದ್ದಿದ್ದು. ಅದು ತಿಳೀದೆ ಬಿಚ್ಚಿ ನಾನೇ ಇನ್ನಷ್ಟು ಕೆಡಿಸಿದೆ."

ಅವಳು ಬಟ್ಟೆ ಮಡಚಿದಳು. ಬೈಯುತ್ತಾಳೆ ಎಂದು ನಾನು ಕಾದೆ.

"ಅಕ್ಕನಿಗೆ ಹೇಳಿದ್ರಾ ಇದನ್ನ?"

"ಇಲ್ಲ."

"ನಾಳೆ ಹೇಳಿ. ನಾನು ಹೇಳಲ್ಲ, ನೀವೇ ಹೇಳ್ಬೇಕು," ಎಂದು ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಮತ್ತೆ ಬಾಗಿಲು ತೆರೆಯಿತು. ಬಿರಾಗೊ ತಲೆ ಹೊರಗೆ ಹಾಕಿದಳು.

"ಭಾವ, ಹೂವಿನ ಅಂಚು ಎಲ್ಲಿ ಬರ್ಬೇಕು ಅಂತಿದ್ಲು? ಎದೆ ಹತ್ರಾನಾ, ಕಾಲ ಹತ್ರಾನಾ?"

ಮಾಸ್ಟರ್ ಬಾಯಿ ತೆರೆದರು. ಉಂಗುರದಲ್ಲಿ ಎಷ್ಟು ಗೆರೆ, ಸೂಜಿ ಯಾವ ಗಳಿಗೆಗೆ ಮೇಲೆ, ಒಂದು ಎಸಳಿಗೆ ಎಷ್ಟು ಹೊಲಿಗೆ, ಎಲ್ಲವನ್ನೂ ಆ ಎರಡು ವಾರದಲ್ಲಿ ಅವರು ತಿಳಿದುಕೊಂಡಿದ್ದರು.

"ಕೇಳಿರ್ಲಿಲ್ಲ," ಎಂದರು.

"ನಾನೂ ಕೇಳಿರ್ಲಿಲ್ಲ," ಎಂದಳು ಬಿರಾಗೊ. ಬಾಗಿಲು ಎಳೆದುಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಜನರನ್ನು ಕೊನೆಯ ಸಲ ನೋಡಲು ಬಿಟ್ಟಾಗ ಕೊನಾಮಾ ಅಮ್ಮ ಹಿತ್ತಾಳೆಯ ಮಂಚದ ಮೇಲೆ ಮಲಗಿದ್ದರು. ಹೂವಿನ ಅಂಚು ಎದೆಯ ಮೇಲೆ ಬಂದಿತ್ತು. ಕಾಣುತ್ತಿದ್ದುದು ಅವರವೇ ಹನ್ನೊಂದು ಹೂ. ಉಳಿದ ಹದಿಮೂರು ಸುತ್ತಿ ಹೋಗಿ ಬೆನ್ನ ಕೆಳಗೆ ಸೇರಿದ್ದವು. ಮಾಸ್ಟರ್ ಬಗ್ಗಿ ಅವರ ಕಿವಿಯ ಹತ್ತಿರ ಏನೋ ಹೇಳಿದರು. ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೂ ಅವರನ್ನು ಬೇಗ ಮುಗಿಸಿ ಎನ್ನಲಿಲ್ಲ. ಹೇಳಿ ಮುಗಿಸಿ, ಮಂಚದ ಅಂಚಿನಲ್ಲಿ ಬಟ್ಟೆ ಮಡಚಿಕೊಂಡಿದ್ದ ಕಡೆ ಅಂಗೈಯಿಂದ ಒಮ್ಮೆ ಸವರಿ ನೇರ ಮಾಡಿ, ಪಕ್ಕಕ್ಕೆ ಸರಿದು ನಿಂತರು.